ಆ ‘ಹಸಿರು ಚೀಲ’ ನಂಬಬಹುದಾ ಅಂದ್ರಲ್ಲ

ದಾವಣಗೆರೆ ಸೂಪರ್‌ಮಾರ್ಕೆಟ್‌ನೋರು ‘ಪರಿಸರಸ್ನೇಹಿ ಚೀಲ, ಬಿಲ್ಲಿಗೊಂದು ಸಸಿ’ ಅಂತ ಊರ್ತುಂಬ ಫ್ಲೆಕ್ಸ್ ಹಾಕಿದಾರೆ, ನಿಜಾನಾ ಅಂತ ಕೇಳಿದ್ರಿ. ಅಲ್ರಿ, ಮೊದ್ಲು ಆ ಫ್ಲೆಕ್ಸೇ ಪ್ಲಾಸ್ಟಿಕ್ಕು, ನಮ್ ರಾಜ್ಯದಲ್ಲಿ 2016ರಲ್ಲೇ ಬ್ಯಾನ್ ಆಗಿರೋದು! ಇನ್ನ ಆ ಚೀಲ, ನೋಡಾಕೆ ಬಟ್ಟೆ ಥರ ಇರುತ್ತೆ, ಆದ್ರೆ ಅಂಥ ನಾನ್‌ವೋವನ್ (ನೇಯ್ದೆ ಮಾಡಿರೋ) ಚೀಲ ಬಹಳಷ್ಟು ಪಾಲಿಪ್ರೊಪಿಲೀನ್‌ದು, ಅಂದ್ರೆ ಅದೂ ಪ್ಲಾಸ್ಟಿಕ್ಕೇ, ಅನುಮಾನ ಇದ್ರೆ ಒಂದು ಎಳೆ ಕಿತ್ತು ಹುಷಾರಾಗಿ ಬೆಂಕಿಗೆ ಹಿಡೀರಿ, ಹತ್ತಿ ಆದ್ರೆ ಬೂದಿ ಆಗುತ್ತೆ, ಇದು ಕರಗಿ ಗಟ್ಟಿ ಉಂಡೆ ಕಟ್ಟುತ್ತೆ. ನಾನೂ ಹಂಗೇ ಮೂರು ಚೀಲ ದುಡ್ಡು ಕೊಟ್ಟು ತಂದು ಆಮೇಲೆ ಮನೆಯೋರ ಹತ್ರ ಬೈಸ್ಕೊಂಡೆ, ಅಜ್ಜಿ ಕಾಲದ ಬಟ್ಟೆ ಚೀಲ ಗೂಟಕ್ಕೆ ನೇತಾಡ್ತಿತ್ತು.

ಸಸಿ ವಿಷ್ಯ ಒಂದೇ ಮಾತು: ಎಲ್ಲಿ ನೆಟ್ರಿ, ನಮ್ಮೂರ ಏಪ್ರಿಲ್ ಬಿಸಿಲಲ್ಲಿ ನೀರು ಹಾಕೋರು ಯಾರು ಅಂತ ಕೇಳ್ರಿ. ಚೀಲ ಬಿಡ್ರಿ, ಅಂಗಡೀಲಿ ಹಗಲು ರಾತ್ರಿ ಓಡೋ ಫ್ರೀಜರ್, ಎಸಿ, ಟೊಮ್ಯಾಟೊಗೂ ಸುತ್ತೋ ಪ್ಲಾಸ್ಟಿಕ್, ಅದರ ಬಗ್ಗೆ ಫ್ಲೆಕ್ಸಲ್ಲಿ ಏನಾದ್ರೂ ಇದೆಯಾ?

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಗ್ರೀನ್‌ವಾಶಿಂಗ್ (ಪರಿಸರದ ಹೆಸರಲ್ಲಿ ಸುಳ್ಳು ಪ್ರಚಾರ) ತಡೆಯೋ ಮಾರ್ಗಸೂಚಿ ಬಂದಿದೆ, ಆಧಾರ ಇಲ್ದೆ ‘ಪರಿಸರಸ್ನೇಹಿ’ ಅನ್ನಂಗಿಲ್ಲ. ಮ್ಯಾನೇಜರ್ ಹತ್ರ ದಾಖಲೆ ಕೇಳ್ರಿ, ತಡವರಿಸಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ರಿ.