ಹಸಿರು ಹಿಡಿದ ರೋಮನ್ ಕಂಚಿನ ನಾಣ್ಯವನ್ನು ಹುಣಸೆಹಣ್ಣಿನಲ್ಲಿ ಬೆಳಗಬಹುದೇ? ಒಂದು ಕಡೆ ತೋಳವಿದೆ, ಇನ್ನೊಂದು ಕಡೆ ಯಾವ ಚಕ್ರವರ್ತಿಯ ಮುಖ ಅಂತ ಗೊತ್ತಾಗಬೇಕು.

ದಯವಿಟ್ಟು ಬೇಡ. ನಾನು ಬೆಳಗಿ ನೋಡಿದವನು.

ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಮಣ್ಣು ಮೆತ್ತಿದ ರೋಮನ್ ಚಿಲ್ಲರೆಯ ಒಂದು ಪೊಟ್ಟಣ ಕೊಂಡಿದ್ದೆ. ಅದರಲ್ಲೂ ನಿಮ್ಮದೇ ತೋಳ ಇತ್ತು: ಇಬ್ಬರು ಶಿಶುಗಳಿಗೆ ಹಾಲೂಡುತ್ತಾ ನಿಂತಿದೆ, ಮೇಲೆ ಎರಡು ನಕ್ಷತ್ರ, ಕಾಲ ಕೆಳಗೊಂದು ಗೆರೆ, ಗೆರೆಯಡಿ ಮಸುಕಾದ ಅಕ್ಷರ. ಅಕ್ಷರ ಸ್ಪಷ್ಟವಾಗಲಿ ಅಂತ ಹುಣಸೆಹಣ್ಣಿಗೆ ಉಪ್ಪು ಸೇರಿಸಿ, ಮನೆಯಲ್ಲಿ ತಾಮ್ರದ ಚೊಂಬು ಉಜ್ಜುವ ಹಾಗೆ ಉಜ್ಜಿದೆ.

ಚೊಂಬಿನ ಕಿಲುಬು ಮೇಲಿನದು, ತೆಗೆದರೆ ಕೆಳಗೆ ಗಟ್ಟಿ ಲೋಹ. ಸಾವಿರದ ಏಳುನೂರು ವರ್ಷ ಮಣ್ಣಲ್ಲಿದ್ದ ನಾಣ್ಯದಲ್ಲಿ ಮೇಲ್ಮೈಯ ಲೋಹವೇ ಕಿಲುಬಾಗಿರುತ್ತದೆ. ತೋಳದ ಮೈಕೂದಲು, ಅಕ್ಷರದ ಅಂಚು ಉಳಿದಿರುವುದು ಆ ಪದರದಲ್ಲೇ. ಹುಳಿ ಅದನ್ನೇ ಕರಗಿಸಿತು. ಉಪ್ಪು ಇನ್ನೂ ಕೆಟ್ಟದ್ದು. ಅದರ ಕ್ಲೋರೈಡ್ ಒಳಗೆ ಸೇರಿಕೊಂಡು, ಕೆಲವು ತಿಂಗಳಾದ ಮೇಲೆ ನಾಣ್ಯದಿಂದ ತಿಳಿಹಸಿರು ಪುಡಿ ಉದುರತೊಡಗಿತು. ಕೈಯಲ್ಲಿ ಉಳಿದದ್ದು ಗುಲಾಬಿ ಬಣ್ಣದ ಬೋಳು ಬಿಲ್ಲೆ. ಹೋದದ್ದು ಗೆರೆಯಡಿಯ ಆ ಅಕ್ಷರ, ಅಂದರೆ ಟಂಕಸಾಲೆಯ ಗುರುತು: ಟಿಆರ್‌ಪಿ ಎಂದಿದ್ದರೆ (ನಗಬೇಡಿ, ನಿಜವಾಗಿಯೂ ಹಾಗೇ ಇರುತ್ತದೆ) ಜರ್ಮನಿಯ ಟ್ರಿಯರ್, ಪಿಎಲ್‌ಜಿ ಎಂದಿದ್ದರೆ ಫ್ರಾನ್ಸಿನ ಲಿಯೋನ್. ನನ್ನದು ಎಲ್ಲಿಯದೋ, ಇನ್ನು ತಿಳಿಯುವ ದಾರಿಯಿಲ್ಲ.

ಇನ್ನು ನಿಮ್ಮ ಚಕ್ರವರ್ತಿ. ಈ ಬಗೆಯ ನಾಣ್ಯದಲ್ಲಿ ಚಕ್ರವರ್ತಿಯೇ ಇಲ್ಲ! ಶಿರಸ್ತ್ರಾಣ ತೊಟ್ಟಿರುವುದು ಹೆಣ್ಣು, ರೋಮ್ ನಗರವೇ ದೇವತೆಯಾಗಿ ಕೂತಿದೆ. ಸುತ್ತ ‘ಉರ್ಬ್ಸ್ ರೋಮಾ’ ಎಂಬ ಬರಹವಿರುತ್ತದೆ. ಕ್ರಿ.ಶ. 330ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಯನ್ನು ಉದ್ಘಾಟಿಸಿದ ಹೊತ್ತಿಗೆ ಹಳೆಯ ನಗರಕ್ಕೊಂದು, ಹೊಸದಕ್ಕೊಂದು ಎಂದು ಜೋಡಿಯಾಗಿ ಹೊರಟ ನಾಣ್ಯಗಳಿವು. ಕಾನ್‌ಸ್ಟಾಂಟಿನೋಪಲ್‌ನದರಲ್ಲಿ ಹಡಗಿನ ಮೂತಿಯ ಮೇಲೆ ರೆಕ್ಕೆಯ ವಿಜಯದೇವತೆ. ಕ್ರೈಸ್ತರ ಕಡೆ ವಾಲಿದ್ದ ದೊರೆಯೂ ರೋಮ್ ಕಟ್ಟಿದನೆಂಬ ಕಥೆಯ ರೊಮುಲಸ್, ಅವನ ಅವಳಿ ರೆಮಸ್, ಇಬ್ಬರಿಗೂ ಹಾಲೂಡಿದ ತೋಳವನ್ನು ಬಿಟ್ಟಿಲ್ಲ ನೋಡಿ.

ಮುಖದ ಹಿಂದೆ ಬೀಳುವುದೇ ತಪ್ಪು ಅಂತೀನಿ. ಚಕ್ರವರ್ತಿಯ ಮುಖವಿರುವ ಆ ಕಾಲದ ಬೇರೆ ಚಿಲ್ಲರೆಯಲ್ಲೂ ಕಾನ್‌ಸ್ಟಂಟೈನ್ ಮತ್ತವನ ಮಕ್ಕಳ ಮುಖಗಳೆಲ್ಲ ಒಂದೇ ಅಚ್ಚು. ಹಿಂಬದಿ ಓದಿ. ಇಬ್ಬರು ಸೈನಿಕರ ನಡುವೆ ಎರಡು ಧ್ವಜಗಂಬವಿದ್ದರೆ 330ರ ನಂತರದ ಮೊದಲ ಕೆಲವು ವರ್ಷಗಳದ್ದು, ಒಂದೇ ಇದ್ದರೆ ಸುಮಾರು 335ರಿಂದ ಈಚಿನದು. ಕುದುರೆ ಸವಾರನನ್ನು ಸೈನಿಕ ಈಟಿಯಿಂದ ತಿವಿಯುತ್ತಿದ್ದರೆ 348ರಿಂದ ಈಚಿನದು.

ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರು ಬದಲಿಸುತ್ತಿರಿ. ವಾರಗಟ್ಟಲೆ ಹಿಡಿದರೆ ಹಿಡಿಯಲಿ. ಮಣ್ಣು ಸಡಿಲವಾದಾಗ ಮರದ ಟೂತ್‌ಪಿಕ್ ಸಾಕು. ಓದಲು ಬರುತ್ತಿದ್ದಂತೆ ಕೈ ತೆಗೆಯಿರಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಆಮೇಲೆ ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮಾರುವ ಯೋಚನೆಯಿದ್ದರಂತೂ ಮುಟ್ಟಲೇ ಬೇಡಿ. ಉಜ್ಜಿದ ನಾಣ್ಯ ಬಲ್ಲವರಿಗೆ ದೂರದಿಂದಲೇ ಗೊತ್ತಾಗುತ್ತದೆ, ಅರ್ಧ ಬೆಲೆಯನ್ನೂ ಕೊಡುವುದಿಲ್ಲ.