ಕಾದಂಬರಿ ಸುಳ್ಳಾದರೆ ನಂಜಮ್ಮ ಯಾರು?

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಅಂತ ಕೇಳಿದ್ದೀರಿ, ಹಾಕಿಲ್ಲ. ನಿಮ್ಮ ಪತ್ರ ಉದ್ದವಾಗಿತ್ತು, ಉತ್ತರವೂ ಉದ್ದವೇ ಆಗುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ಪತ್ರ ನೋಡದ ಉಳಿದವರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನೀವು ಇತ್ತೀಚೆಗೆ 'ಗೃಹಭಂಗ', 'ಫಣಿಯಮ್ಮ', 'ಘಾಚರ್ ಘೋಚರ್' ಓದಿ ಮುಗಿಸಿದ್ದೀರಿ. ಆಮೇಲೆ 'ಭಿತ್ತಿ', 'ಊರುಕೇರಿ', 'ಆಡಾಡತ ಆಯುಷ್ಯ'. ಅಂದರೆ ಮೂರು ಕಾದಂಬರಿ, ಮೂರು ಆತ್ಮಕಥೆ. ಓದಿ ಮುಗಿಸಿ ಒಂದು ತೀರ್ಪನ್ನೂ ಕೊಟ್ಟಿದ್ದೀರಿ: ಇನ್ನು ಮೇಲೆ ಆತ್ಮಕಥೆ ಮಾತ್ರ ಓದುತ್ತೇನೆ, ಕಾದಂಬರಿ ಎಷ್ಟೇ ಚೆನ್ನಾಗಿದ್ದರೂ ಕಟ್ಟಿದ ಕತೆ ತಾನೇ. ಮರುಸಾಲಿನಲ್ಲೇ ಇನ್ನೊಂದು ಅನುಮಾನ: ಐದಾರು ವರ್ಷದ ಹುಡುಗ ಕೇಳಿಸಿಕೊಂಡ ಮಾತನ್ನು ಅರವತ್ತು ದಾಟಿದವರು ಅಕ್ಷರಕ್ಕೆ ಅಕ್ಷರ ಹೇಗೆ ಬರೆಯುತ್ತಾರೆ? ಈ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ, ಗಮನಿಸಿದಿರಾ? ಆತ್ಮಕಥೆಯೇ ನಿಜ ಅಂತೀರಿ, ಅದನ್ನು ನಂಬೋದು ಹೇಗೆ ಅಂತಲೂ ಕೇಳುತ್ತೀರಿ. ನನಗೆ ನಿಮ್ಮ ತೀರ್ಪಿಗಿಂತ ಅನುಮಾನವೇ ಜಾಸ್ತಿ ಇಷ್ಟವಾಯಿತು.

'ಗೃಹಭಂಗ', 'ಭಿತ್ತಿ' ಎರಡನ್ನೂ ಬೆನ್ನುಬೆನ್ನಿಗೆ ಓದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಎರಡೂ ಭೈರಪ್ಪನವರದ್ದೇ. ಕಾದಂಬರಿ ಬಂದದ್ದು 1970ರಲ್ಲಿ, ಆತ್ಮಕಥೆ 1996ರಲ್ಲಿ. ಬೇರು ಮಾತ್ರ ಒಂದೇ: ಪ್ಲೇಗು, ತಾಯಿಯ ಸಾವು, ಒಡಹುಟ್ಟಿದವರ ಸಾವು, ಮನೆಯ ಕಡೆ ಗಮನವೇ ಇಲ್ಲದ ಅಪ್ಪ. ನಡೆದದ್ದನ್ನು ನಡೆದ ಹಾಗೆ ಹೇಳುವುದೇ ಮುಖ್ಯ ಅನ್ನುವುದಾದರೆ 'ಭಿತ್ತಿ' ಬಂದ ದಿನವೇ 'ಗೃಹಭಂಗ' ಮೂಲೆ ಸೇರಬೇಕಿತ್ತು. ಸೇರಲಿಲ್ಲ. ಈಗಲೂ 'ಗೃಹಭಂಗ' ಓದಿ ರಾತ್ರಿ ನಿದ್ದೆ ಬರಲಿಲ್ಲ ಅಂತ ನಮಗೆ ಪತ್ರ ಬರುತ್ತದೆ. ನಿಮ್ಮ ಪತ್ರದಲ್ಲೂ ಹಾಗೇ ಇತ್ತು, ಎರಡನೇ ಪುಟದ ಕೆಳಗೆ, ಒಮ್ಮೆ ತಿರುಗಿಸಿ ನೋಡಿ.

ಇದು ಯಾಕೆ ಹೀಗೆ? ನನಗೆ ಅನಿಸುವುದು ಇಷ್ಟು. ಆತ್ಮಕಥೆಯಲ್ಲಿ ತಾಯಿ ಮಗನ ಕಣ್ಣಿಗೆ ಬಿದ್ದಷ್ಟು ಮಾತ್ರ ಇರುತ್ತಾಳೆ. ಅವನು ಶಾಲೆಗೆ ಹೋದಾಗ ಅವಳು ಏನು ಮಾಡಿದಳು, ಅವನು ಮಲಗಿದ ಮೇಲೆ ಏನು ಯೋಚಿಸಿದಳು, ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆದರೆ ಆತ್ಮಕಥೆಯ ಮಾತು ತಪ್ಪಿದ ಹಾಗೆ. ಕಾದಂಬರಿಗೆ ಆ ಕಟ್ಟು ಇಲ್ಲ. 'ಗೃಹಭಂಗ'ದ ತಾಯಿ ನಂಜಮ್ಮ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಕೂತು ಬರೆಯುತ್ತಾಳೆ. ಹೆಸರು ಅವನದು, ಕೈ ಇವಳದು. ಮುತ್ತುಗದ ಎಲೆ ತಂದು ಊಟದ ಎಲೆ ಹಚ್ಚಿ ಮಾರುತ್ತಾಳೆ. ಆ ಹೊತ್ತಿನಲ್ಲೆಲ್ಲಾ ನಾವು ಅವಳ ಪಕ್ಕದಲ್ಲೇ ಇರುತ್ತೇವೆ. ಅವಳ ಲೆಕ್ಕಾಚಾರ, ಸಿಟ್ಟು, ನುಂಗಿಕೊಂಡ ಮಾತು ಎಲ್ಲಾ ನಮಗೆ ಸಿಗುತ್ತದೆ. ಮಗ ವಿಶ್ವ ಅಲ್ಲಿ ಒಂದು ಬದಿಯಲ್ಲಿರುವ ಹುಡುಗ, ಅಷ್ಟೇ. ಲೇಖಕ ತನ್ನನ್ನು ಬದಿಗೆ ಸರಿಸಿ ತಾಯಿಗೆ ನಡುಮನೆ ಬಿಟ್ಟುಕೊಟ್ಟಿದ್ದಾನೆ. 'ಭಿತ್ತಿ'ಯಲ್ಲಿ ಹಾಗೆ ಸರಿಯಲು ಆಗುವುದಿಲ್ಲ, ಅದು ಅವರದೇ ಕತೆ. ಮೊದಲಿಂದ ಕೊನೆಯವರೆಗೂ ಅವರೇ ಇರಬೇಕು.

ಅದಕ್ಕೇ 'ಭಿತ್ತಿ'ಯ ಬಾಲ್ಯದ ಭಾಗ ಉಸಿರು ಕಟ್ಟಿಸುತ್ತದೆ, ನೌಕರಿ, ವಾದವಿವಾದಗಳ ಕಡೆಗೆ ಬಂದಾಗ ಬಿಗಿ ಸಡಿಲವಾಗುತ್ತದೆ ಅಂತ ನೀವು ಬರೆದದ್ದನ್ನು ನಾನೂ ಒಪ್ಪುತ್ತೇನೆ. ಇದು ಅವರೊಬ್ಬರ ಸಮಸ್ಯೆ ಏನಲ್ಲ. ಹೆಚ್ಚಿನ ಆತ್ಮಕಥೆಗಳು ಬರೆದವರಿಗೆ ಹೆಸರು ಬಂದ ಪುಟದಿಂದ ಸಪ್ಪೆಯಾಗುತ್ತವೆ. ಬಾಲ್ಯದಲ್ಲಿ ಕಾಪಾಡಿಕೊಳ್ಳಬೇಕಾದ ಮರ್ಯಾದೆ ಏನೂ ಇರುವುದಿಲ್ಲ, ಆಗಿನ ಜನರಲ್ಲಿ ಬಹಳ ಮಂದಿ ತೀರಿಕೊಂಡಿರುತ್ತಾರೆ, ಧೈರ್ಯವಾಗಿ ಬರೆಯಬಹುದು. ಆಮೇಲೆ ಬರುವವರೆಲ್ಲಾ ಪುಸ್ತಕ ಬಿಡುಗಡೆಗೆ ಬಂದು ಮುಂದಿನ ಸಾಲಿನಲ್ಲಿ ಕೂರುವವರು!

ಹಾಗಂತ ನಾನು ಕಾದಂಬರಿಯ ವಕೀಲನಾಗಿ ಬಂದಿಲ್ಲ. ಕಾದಂಬರಿಗೆ ಸಿಗದ ಒಂದು ಗಳಿಗೆ 'ಊರುಕೇರಿ'ಯ ಶುರುವಿನಲ್ಲೇ ಇದೆ. ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳ ಹಾಗೆ ಹೆಗಲ ಮೇಲೆ ನೊಗ ಹೊತ್ತಿದ್ದಾರೆ, ಹಿಂದೆ ಒಬ್ಬ ನೇಗಿಲು ಹಿಡಿದು ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನಿಗೆ ಅದು ತಮಾಷೆ. ನೊಗ ಹೊತ್ತವರಲ್ಲಿ ಒಬ್ಬರು ತನ್ನ ಅಪ್ಪ ಅಂತ ಅವನಿಗೆ ತಿಳಿಯುವುದು ಆಮೇಲೆ. ಸಿದ್ಧಲಿಂಗಯ್ಯನವರು ಅಲ್ಲಿ ಭಾಷಣ ಮಾಡುವುದಿಲ್ಲ. ಮೊದಲು ಮಜಾ ಅನಿಸಿತ್ತು ಅನ್ನುವುದನ್ನು ಮುಚ್ಚಿಡುವುದೂ ಇಲ್ಲ. ಇದೇ ದೃಶ್ಯ ಕಾದಂಬರಿಯಲ್ಲಿ ಬಂದಿದ್ದರೆ ಲೇಖಕ ಬೇಕಂತಲೇ ಹೀಗೆ ಜೋಡಿಸಿದ್ದಾನೆ ಅಂತ ನಮ್ಮೊಳಗೊಬ್ಬ ಕಿಡಿಗೇಡಿ ಗೊಣಗುತ್ತಿದ್ದ. ಇಲ್ಲಿ ಗೊಣಗುವ ಧೈರ್ಯ ಬರುವುದಿಲ್ಲ. ನಡೆದದ್ದು ಅನ್ನುವ ಒಂದೇ ಮಾತಿಗೆ ಇಷ್ಟು ತೂಕ ಇದೆ.

ಈ ತೂಕವನ್ನು ದುರುಪಯೋಗ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಜೇಮ್ಸ್ ಫ್ರೇ 2003ರಲ್ಲಿ ತನ್ನ ಮಾದಕವ್ಯಸನದ ನೆನಪುಗಳನ್ನು ಪುಸ್ತಕ ಮಾಡಿದ. ಓಪ್ರಾ ವಿನ್‌ಫ್ರೇ ಅದನ್ನು ಟಿವಿಯಲ್ಲಿ ಎತ್ತಿ ಹಿಡಿದ ಮೇಲೆ ಲಕ್ಷಾಂತರ ಪ್ರತಿ ಮಾರಾಟವಾಯಿತು. 2006ರ ಜನವರಿಯಲ್ಲಿ ಬಣ್ಣ ಬಯಲಾಯಿತು. ಸುಮಾರು ಮೂರು ತಿಂಗಳು ಜೈಲಿನಲ್ಲಿದ್ದೆ ಅಂತ ಬರೆದವನು ನಿಜಕ್ಕೂ ಪೊಲೀಸರ ವಶದಲ್ಲಿ ಇದ್ದದ್ದು ಕೆಲವೇ ಗಂಟೆ. ಅದೇ ಹಸ್ತಪ್ರತಿಯನ್ನು ಮೊದಲು ಕಾದಂಬರಿ ಅಂತ ಪ್ರಕಾಶಕರಿಗೆ ತೋರಿಸಿದ್ದೆ, ಯಾರೂ ತೆಗೆದುಕೊಳ್ಳಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ಕೊನೆಗೆ ಓದುಗರಿಗೆ ದುಡ್ಡು ವಾಪಸ್ ಕೊಡುವ ಏರ್ಪಾಡೂ ಆಯಿತು. ಕಾದಂಬರಿ ಓದಿ, ಇದು ನಡೆದೇ ಇಲ್ಲ, ದುಡ್ಡು ವಾಪಸ್ ಕೊಡಿ ಅಂತ ಯಾರಾದರೂ ಕೇಳುತ್ತಾರಾ?

ಇನ್ನು ನಿಮ್ಮ ಮುಖ್ಯ ಅನುಮಾನ, ನೆನಪಿನದು. ಫ್ರೇ ಬೇಕಂತಲೇ ಸುಳ್ಳು ಹೇಳಿದ, ಬಿಡಿ. ಆದರೆ ಪ್ರಾಮಾಣಿಕರ ನೆನಪೂ ಪೂರ್ತಿ ಪ್ರಾಮಾಣಿಕ ಆಗಿರುವುದಿಲ್ಲ. ನೆನೆದಾಗಲೆಲ್ಲಾ ನಾವು ಅದನ್ನು ಹೊಸದಾಗಿ ಕಟ್ಟುತ್ತೇವೆ. ಎಲಿಜಬೆತ್ ಲಾಫ್ಟಸ್ ಎಂಬ ಮನೋವಿಜ್ಞಾನಿ 1990ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಚಿಕ್ಕವರಿದ್ದಾಗ ನೀವು ಮಾಲ್ ಒಂದರಲ್ಲಿ ತಪ್ಪಿಸಿಕೊಂಡಿದ್ದಿರಿ ಅಂತ, ಮನೆಯವರು ಹೇಳಿದ ನಿಜವಾದ ಘಟನೆಗಳ ನಡುವೆ ಒಂದು ಸುಳ್ಳು ಕತೆ ಸೇರಿಸಿ ಕೊಟ್ಟರು. ಸುಮಾರು ಕಾಲು ಭಾಗ ಜನ ಹೌದು ಅಂತ ಪೂರ್ತಿಯಾಗಿಯೋ ಅರೆಬರೆಯಾಗಿಯೋ ನೆನಪಿಸಿಕೊಂಡರು. ಹಾಗಾಗಿ ಆತ್ಮಕಥೆಯ ಒಳಗಿನ ಮಾತುಕತೆ ಟೇಪ್ ರೆಕಾರ್ಡರಿನಿಂದ ಇಳಿಸಿದ್ದು ಅಂತ ಯಾರೂ ತಿಳಿಯಬೇಕಾಗಿಲ್ಲ. ನಾನಂತೂ ಮಾತನ್ನು ಅಕ್ಷರಶಃ ನಂಬುವುದಿಲ್ಲ. ಮಾತಾಡಿದಾಗ ಯಾರು ನಿಂತಿದ್ದರು, ಯಾರು ಕೂತಿದ್ದರು, ಯಾರು ಎದ್ದು ಒಳಗೆ ಹೋದರು, ಅಂಥದ್ದನ್ನು ಜಾಸ್ತಿ ನಂಬುತ್ತೇನೆ.

'ಆಡಾಡತ ಆಯುಷ್ಯ'ದ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ, ಬೇಜಾರಾಯಿತು. ಆ ಪುಸ್ತಕದ ಅರ್ಪಣೆಯನ್ನೇ ನೋಡಿ. ಕಾರ್ನಾಡರು ಅದನ್ನು ಅರ್ಪಿಸಿದ್ದು ಒಬ್ಬ ಡಾಕ್ಟರಿಗೆ, ಮಧುಮಾಲತಿ ಗುಣೆ ಅಂತ. ಕಾರ್ನಾಡರು ಹೊಟ್ಟೆಯಲ್ಲಿದ್ದಾಗ, ಮಕ್ಕಳು ಸಾಕು ಅಂತ ತಂದೆ ತಾಯಿ ಪುಣೆಯಲ್ಲಿ ಆ ಡಾಕ್ಟರ ಬಳಿ ಹೋಗುತ್ತಾರೆ. ಡಾಕ್ಟರು ಇರುವುದಿಲ್ಲ. ಕಾದು ಕಾದು ಮನೆಗೆ ವಾಪಸ್ ಬರುತ್ತಾರೆ, ಮತ್ತೆ ಹೋಗುವುದೇ ಇಲ್ಲ. ಮುಂದೆ ಮಗ ದೊಡ್ಡ ಹೆಸರು ಮಾಡಿದ ಮೇಲೆ ಊಟದ ಹೊತ್ತಿನಲ್ಲಿ ತಾಯಿಯೇ ಈ ಮಾತು ತೆಗೆಯುತ್ತಾರೆ. ಆತ್ಮಕಥೆಗಾರ ಹುಟ್ಟುವ ಮೊದಲೇ ನಡೆದ ಘಟನೆ ಇದು, ಅವರಿಗೆ ನೆನಪಿರಲು ಸಾಧ್ಯವೇ ಇಲ್ಲ. ಆದರೂ ಇಡೀ ಪುಸ್ತಕದಲ್ಲಿ ನನಗೆ ಮರೆಯಲಾಗದ ಭಾಗ ಇದೇ. ಅಂದರೆ ಆತ್ಮಕಥೆಯೂ ಕೆಲವು ಸಲ ಇನ್ನೊಬ್ಬರ ಬಾಯಿಂದ ಕೇಳಿದ ಕತೆಯ ಮೇಲೆಯೇ ನಿಂತಿರುತ್ತದೆ, ಅಲ್ವಾ?

'ಫಣಿಯಮ್ಮ' ಇದರ ಉಲ್ಟಾ. 1976ರಲ್ಲಿ ಎಂ.ಕೆ. ಇಂದಿರಾ ಬರೆದ ಈ ಕಾದಂಬರಿಯ ಫಣಿಯಮ್ಮ ಲೇಖಕಿಯ ಬಳಗದಲ್ಲೇ ಬಾಳಿ ಹೋದ ಹೆಂಗಸು. ಮಗುವಾಗಿದ್ದಾಗಲೇ ವಿಧವೆ, ತಲೆ ಬೋಳಿಸಿದ್ದಾರೆ, ಜೀವನಪೂರ್ತಿ ಬಾಯಿ ಬಿಟ್ಟವಳಲ್ಲ. ಕೊನೆಗೆ ಇನ್ನೊಬ್ಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ ಈ ಅಜ್ಜಿ ಅವಳ ಪರ ನಿಲ್ಲುತ್ತಾಳೆ. ಫಣಿಯಮ್ಮ ತಾನೇ ಕೂತು ಆತ್ಮಕಥೆ ಬರೆಯುವ ಕಾಲವಾಗಿರಲಿಲ್ಲ ಅದು. ಅಂಥವರ ಬದುಕು ಪುಸ್ತಕವಾಗಬೇಕಾದರೆ ಇನ್ನೊಬ್ಬರು ಬರೆಯಬೇಕಿತ್ತು, ಅದಕ್ಕೆ ಇದ್ದ ಬಾಗಿಲು ಕಾದಂಬರಿ. ಕಟ್ಟಿದ ಕತೆ ಅಂತ ಅವಳನ್ನು ಪಕ್ಕಕ್ಕಿಡಲು ನನಗಂತೂ ಮನಸ್ಸು ಬರುವುದಿಲ್ಲ. ತಮ್ಮ ಕತೆ ತಾವೇ ಬರೆದ ಹೆಂಗಸು ಬೇಕು ಅನ್ನಿಸಿದರೆ ವಿಜಯಾ ಅವರ 'ಕುದಿ ಎಸರು' ಓದಿ, 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಮನೆಯೊಳಗಿನ ಹೊಡೆತ ಬಡಿತದ ಪುಟಗಳಿವೆ, ಒಂದೇ ಬೈಠಕ್ಕಿನಲ್ಲಿ ಮುಗಿಸಲು ಹೋಗಬೇಡಿ.

'ಘಾಚರ್ ಘೋಚರ್' ಕೊನೆಯಲ್ಲಿ ಏನಾಯಿತು ಅಂತ ವಿವೇಕ ಶಾನಭಾಗರು ಹೇಳದೆ ಬಿಟ್ಟಿದ್ದಾರೆ, ಮೋಸ ಅಂತ ಬರೆದಿದ್ದೀರಿ. ನನಗೆ ಅದೇ ಅದರ ಗಟ್ಟಿತನ. ಹಳೆಯ ಮನೆಯಲ್ಲಿ ಇಡೀ ಸಂಸಾರ ಇರುವೆಗಳ ಮೇಲೆ ಯುದ್ಧ ಸಾರುತ್ತದಲ್ಲ, ಬರಬರುತ್ತಾ ಕೊಲ್ಲುವುದರಲ್ಲೇ ಖುಷಿ ಪಡುತ್ತದಲ್ಲ, ಆ ಪುಟಗಳನ್ನು ಇನ್ನೊಮ್ಮೆ ಓದಿ. ಆಮೇಲೆ ಕೊನೆಯ ಪುಟಕ್ಕೆ ಬನ್ನಿ. ಈ ಮನೆಯವರು ಏನು ಮಾಡಬಲ್ಲರು ಅಂತ ನಿಮಗೆ ಆಗಲೇ ಗೊತ್ತಾಗಿರುತ್ತದೆ. ಹೇಳುತ್ತಿರುವವನಿಗೂ ಗೊತ್ತು, ಬಾಯಿ ಬಿಡುತ್ತಿಲ್ಲ.

ಅರ್ಧಕ್ಕೆ ಬಿಟ್ಟ ಪುಸ್ತಕಗಳ ಬಗ್ಗೆ ಪಾಪಪ್ರಜ್ಞೆ ಅಂತ ಬರೆದಿದ್ದೀರಿ. ಸುಮ್ನೆ ಬಿಡಿ, ಯಾರೂ ಪರೀಕ್ಷೆ ಇಡುವುದಿಲ್ಲ. ಒಬ್ಬರೇ ಲೇಖಕರ ಕಾದಂಬರಿ, ಆತ್ಮಕಥೆ ಎರಡೂ ಇದ್ದರೆ ಯಾವುದನ್ನು ಮೊದಲು ಓದಲಿ ಅಂದಿರಿ. ಕಾದಂಬರಿಯನ್ನೇ. ಆತ್ಮಕಥೆ ಮೊದಲು ಓದಿದರೆ, ಕಾದಂಬರಿ ಓದುವಾಗ ಇದು ಅವರ ಸೋದರಮಾವ, ಇದು ಆ ಮೇಷ್ಟ್ರು ಅಂತ ಗುರುತು ಹಿಡಿಯುವುದರಲ್ಲೇ ಹೊತ್ತು ಹೋಗುತ್ತದೆ.

ಕೊನೆಯದಾಗಿ, ನೀವೂ ನಿಮ್ಮ ಮನೆತನದ ಬಗ್ಗೆ ಬರೆಯುತ್ತಿದ್ದೀರಂತೆ, ಆತ್ಮಕಥೆ ಅನ್ನಲೋ ಕಾದಂಬರಿ ಅನ್ನಲೋ ಅಂತ ಕೇಳಿದ್ದೀರಿ. ನೀವು ಕಂಡದ್ದು, ಕೇಳಿದ್ದು ಸಾಕು ಅನ್ನಿಸಿದರೆ ಆತ್ಮಕಥೆ. ಅದರಲ್ಲಿ ಯಾರಾದರೂ ಒಬ್ಬರ ಮನಸ್ಸಿನ ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ಕತೆ ನಿಲ್ಲುವುದಿಲ್ಲ ಅನ್ನಿಸಿದರೆ ಕಾದಂಬರಿ. ಅಷ್ಟೂ ತೋಚದಿದ್ದರೆ ಮೊದಲ ಐವತ್ತು ಪುಟ ಕಳಿಸಿ, ಓದಿ ಹೇಳುತ್ತೇನೆ. ಅಜ್ಜಿಯ ಕತೆ ಅಂತ ಬರೆದಿದ್ದೀರಾದ್ದರಿಂದ ನನ್ನ ಊಹೆ ಕಾದಂಬರಿಯ ಕಡೆಗೇ ಇದೆ.

ನಿಮ್ಮ,
ಸಂಪಾದಕ