ಫುಟ್‌ಬಾಲ್‌ಗಾಗಿ ಸೈನ್ಸ್ ಬಿಡಬೇಡ ತಮ್ಮಾ

ಕ್ಲಬ್‌ನ ಜೂನಿಯರ್ ಟೀಮಿಗೆ ಆಯ್ಕೆಯಾಗಿದ್ದೀಯ, ಡಾಕ್ಟರ್ ಆಗೋ ಆಸೆಯೂ ಇದೆ, ಹತ್ತನೇ ಕ್ಲಾಸ್ ಆದಮೇಲೆ ಸದ್ಯಕ್ಕೆ ಕಾಮರ್ಸ್ ತಗೊಳ್ಳಲಾ ಅಂತ ಕೇಳಿದ್ದೀಯ. ನಾನು ಮಾಡಿದ್ದೂ ಇದನ್ನೇ.

ನಮ್ಮದು ಗೋವಾದ ವಾಸ್ಕೋ. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಬಂದರಿನಲ್ಲಿ ಕೂಲಿ ಮಾಡುತ್ತಿದ್ದರು. ಸೈನ್ಸ್‌ನಲ್ಲಿ ಪ್ರಾಕ್ಟಿಕಲ್ಸ್ ಮುಗಿಯೋದು ನಾಲ್ಕಕ್ಕೆ, ನಮ್ಮ ಟ್ರೇನಿಂಗ್ ಮೂರೂವರೆಗೆ. ಬರೀ ಅರ್ಧ ಗಂಟೆ, ಅದೂ ವಾರಕ್ಕೆ ಎರಡೇ ದಿನ. ‘ಸರ್, ಆ ಎರಡು ದಿನ ಸ್ವಲ್ಪ ತಡವಾಗಿ ಬರ್ಲಾ?’ ಅಂತ ಕೋಚ್ ಹತ್ತಿರ ಕೇಳಲಿಲ್ಲ. ಕೇಳಿದರೆ ಟೀಮಿನಿಂದ ತೆಗೆದುಬಿಡ್ತಾರೆ ಅನ್ನೋ ಹೆದರಿಕೆ. ಯಾರೂ ಹೆದರಿಸಿರಲಿಲ್ಲ, ನಾನೇ ಅಂದುಕೊಂಡಿದ್ದು. ಅಪ್ಪನಿಗೂ ಹೇಳದೆ ಕಾಮರ್ಸ್ ಫಾರ್ಮ್ ತುಂಬಿಬಿಟ್ಟೆ. ಎಷ್ಟೋ ವರ್ಷದ ಮೇಲೆ ಅದೇ ಕೋಚ್ ಸಿಕ್ಕಾಗ ಹೇಳಿದೆ. ‘ಕೇಳಿದ್ದರೆ ಬೇಡ ಅಂತಿದ್ನೇನೋ?’ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಸೀನಿಯರ್ ಟೀಮಿನಲ್ಲಿ ಎರಡು ಸೀಸನ್ ಆಡಿದೆ. ಒಂದು ಮ್ಯಾಚಿನಲ್ಲಿ ನಮ್ಮ ಹುಡುಗ ಹೆಡರ್‌ಗೆ ಹಾರಿ, ತಲೆಗೆ ತಲೆ ಬಡಿದು ಬಿದ್ದ. ನಾವೆಲ್ಲ ಓಡಿಹೋಗಿ ಅವನನ್ನು ಎತ್ತಿ ಕೂರಿಸಿ ಮುಖಕ್ಕೆ ನೀರು ಹಾಕಿದೆವು. ಕುತ್ತಿಗೆ ಅಲ್ಲಾಡಿಸಬಾರದು ಅನ್ನೋದು ಒಬ್ಬರಿಗೂ ಗೊತ್ತಿರಲಿಲ್ಲ. ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ. ಡಾಕ್ಟರ್ ಆಗಲೇಬೇಕು ಅಂತ ಗಟ್ಟಿಯಾಗಿದ್ದು ಆಗ.

ಆದರೆ ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ 720 ಅಂಕದಲ್ಲಿ 360 ಬಯಾಲಜಿಯದ್ದೇ. ನನ್ನ ಹತ್ತಿರ ಇದ್ದದ್ದು ಅಕೌಂಟ್ಸ್. ಇಪ್ಪತ್ತನೇ ವಯಸ್ಸಿಗೆ ಮತ್ತೆ ಹನ್ನೊಂದನೇ ಕ್ಲಾಸಿಗೆ ಸೇರಿದೆ. ಮೊದಲ ದಿನ ಲ್ಯಾಬಿನಲ್ಲಿ ಹುಡುಗರು ನನ್ನನ್ನು ಸರ್ ಅಂದುಕೊಂಡು ಎದ್ದು ನಿಂತರು.

2023ರ ಕೊನೆಗೆ ನಿಯಮ ಸಡಿಲವಾಗಿದೆ, ಹನ್ನೆರಡನೇ ಕ್ಲಾಸ್ ಆದಮೇಲೆ ಬಯಾಲಜಿಯನ್ನು ಬೇರೆಯಾಗಿ ಪಾಸು ಮಾಡಿದರೂ ನೀಟ್ ಬರೆಯಬಹುದು. ಅದನ್ನು ನಂಬಿಕೊಂಡು ಕೂರಬೇಡ. ಕಾಮರ್ಸ್ ಓದಿದವನಿಗೆ ಫಿಸಿಕ್ಸ್, ಕೆಮಿಸ್ಟ್ರಿಯೂ ಇರಲ್ಲ ಅಲ್ವಾ?

ಆಟವೋ ಓದೋ ಅನ್ನೋ ನಿನ್ನ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬ್ರೆಜಿಲ್‌ನ ಸಾಕ್ರಟೀಸ್ ಮೆಡಿಕಲ್ ಓದುತ್ತಲೇ ಕ್ಲಬ್‌ಗೆ ಆಡಿದವರು, 1982ರ ವಿಶ್ವಕಪ್‌ನಲ್ಲಿ ಅವರೇ ಕ್ಯಾಪ್ಟನ್. ನಮ್ಮ ಟಿ. ಆವೋ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ನಾಯಕ, ಆಗ ಅವರು ಕಲ್ಕತ್ತಾದಲ್ಲಿ ಮೆಡಿಕಲ್ ಓದುತ್ತಿದ್ದರು.

ಸೈನ್ಸ್‌ಗೇ ಸೇರು. ನಾಳೆ ಟ್ರೇನಿಂಗ್‌ಗೆ ಹತ್ತು ನಿಮಿಷ ಮೊದಲೇ ಹೋಗು. ಶೂ ಹಾಕಿಕೊಳ್ಳೋ ಮೊದಲು ಕಾಲೇಜಿನ ಟೈಮ್‌ಟೇಬಲ್ ಕೋಚ್ ಕೈಗೆ ಕೊಟ್ಟು ಬಾಯಿಬಿಟ್ಟು ಕೇಳು.